ಎಡಗಾಲಿನ ಒಂದೂವರೆ ಇಂಚು

ನಮ್ಮ ಬೀದಿಯ ಕಟಿಂಗ್ ಮಾಸ್ಟರಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಅದು ಅಂಗಡಿಯ ಲೈಸೆನ್ಸಿನ ಗಾಜಿನ ಚೌಕಟ್ಟಿನೊಳಗೆ ಧೂಳು ತಿನ್ನುತ್ತ ತೂಗಾಡುತ್ತಿತ್ತು. ಜನರ ಬಾಯಲ್ಲಿ ಅವರು ಎದುರಿಗೆ 'ಮಾಸ್ಟ್ರು', ಬೆನ್ನ ಹಿಂದೆ 'ಅರ್ಧಿಂಚು'. ಯಾರ ಅಳತೆ ತೆಗೆದರೂ ಕೊನೆಗೆ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ, "ಒಳಗೆ ಅರ್ಧಿಂಚು ಬಟ್ಟೆ ಬಿಟ್ಟಿರ್ತೀನಿ, ಮುಂದೆ ಬೇಕಾಗತ್ತೆ" ಎನ್ನುತ್ತಿದ್ದರು. ಮುಂದೆ ಎಂದರೆ ಭವಿಷ್ಯವೋ ಹೊಟ್ಟೆಯೋ ಎಂದು ಗಿರಾಕಿಗಳು ವಿಚಾರಿಸುತ್ತಿರಲಿಲ್ಲ. ಎರಡೂ ಒಟ್ಟಿಗೇ ಬರುವಂಥವು.

ಅಂಗಡಿ ಅಗಲ ಕಡಿಮೆ, ಉದ್ದ ಜಾಸ್ತಿ. ಬಾಗಿಲ ಬಳಿ ಆಳೆತ್ತರದ ಕನ್ನಡಿ, ಗೋಡೆಗೆ ಆತುಕೊಂಡ ಎರಡು ಹೊಲಿಗೆ ಯಂತ್ರ, ಅವುಗಳ ಮುಂದೆ ಕೂಲಿಗೆ ಹೊಲಿಯುವ ಇಬ್ಬರು ಟೈಲರು, ನಡುವೆ ಸೊಂಟದೆತ್ತರದ ಕಟಿಂಗ್ ಮೇಜು. ಕಿಟಕಿಯ ಪಕ್ಕದ ಮೋಟು ಸ್ಟೂಲಿನಲ್ಲಿ ಮಾಸ್ಟರ ಹೆಂಡತಿ. ಗುಂಡಿಯ ತೂತಿಗೆ ಕಾಜಾ ಹಾಕುವುದು, ಗುಂಡಿ ಕೂರಿಸುವುದು, ಕೊನೆಗೆ ಇಸ್ತ್ರಿ ಮಾಡಿ ಮಡಿಸುವುದು ಅವರ ಕೆಲಸ. ಬೀದಿಗೆಲ್ಲ ಅವರು 'ಕಾಜಾ ಅಕ್ಕ'. ಮಾಸ್ಟರು ಕೂಗಿ ಹೇಳಿದ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವರೂ ಅವರೇ.

ಈ ಕಸುಬಿನಲ್ಲಿ ಕೂತವರು ಟೈಲರು, ನಿಂತವರು ಮಾಸ್ಟರು. ಹೊಲಿಗೆಯನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು. ಆದ್ದರಿಂದ ಕತ್ತರಿ ಹಿಡಿದವರಿಗೆ ಮರ್ಯಾದೆ. ಕತ್ತರಿ ಹಿಡಿಯಬೇಕಾದರೆ ಮೇಜಿಗೆ ಹೊಟ್ಟೆ ತಾಗಿಸಿ ನಿಲ್ಲಲೇಬೇಕು. ನಮ್ಮ ಮಾಸ್ಟರು ಹಾಗೆ ನಿಂತು ಮೂವತ್ತೊಂದು ವರ್ಷವಾಗಿತ್ತು. ಅವರಿಗೆ ಕಸುಬು ಕಲಿಸಿದ ದೊಡ್ಡ ಮಾಸ್ಟರು ಮಂಡಿನೋವೆಂದು ಒಂದು ದಿನ ಕುರ್ಚಿ ಎಳೆದುಕೊಂಡು ಕೂತಿದ್ದರಂತೆ. ಆರೇ ತಿಂಗಳಲ್ಲಿ ಕೋಟಿನ ಗಿರಾಕಿಗಳೆಲ್ಲ ಬೇರೆ ಮೇಜು ಹುಡುಕಿಕೊಂಡರು. ದೊಡ್ಡ ಮಾಸ್ಟರ ಪಾಲಿಗೆ ಉಳಿದದ್ದು ದಿಂಬಿನ ಗವಸು. ಅದನ್ನು ಹೇಳುವಾಗ ನಮ್ಮ ಮಾಸ್ಟರ ದನಿ ಸಾವಿನ ಸುದ್ದಿ ಹೇಳುವವರ ದನಿಯಂತೆ ತಗ್ಗುತ್ತಿತ್ತು.

ಅಂಗಡಿಗೆ ಎರಡು ಪದ್ಧತಿಗಳಿದ್ದವು. ಒಂದು, ಗಿರಾಕಿಯ ಮೈ ಬದಲಾಗಿದೆ ಎಂದು ಎಂದಿಗೂ ಹೇಳಕೂಡದು. ಹೋದ ವರ್ಷದ ಪ್ಯಾಂಟಿನ ಗುಂಡಿ ಕೂಡುತ್ತಿಲ್ಲ ಎಂದು ಒಬ್ಬ ಹೆಡ್ ಕ್ಲಾರ್ಕ್ ಏದುಸಿರು ಬಿಡುತ್ತ ಬಂದರು ಎನ್ನಿ.

"ಮಾಸ್ಟ್ರೇ, ನಿಜ ಹೇಳಿ. ನಾನು ದಪ್ಪ ಆಗಿದೀನಾ?"

"ಛೆ ಛೆ! ಬಟ್ಟೆ ಕುಗ್ಗಿದೆ ಸಾರ್. ಒಗೆಯೋ ನೀರೇ ಸರಿಯಿಲ್ಲ."

ಕಾಜಾ ಅಕ್ಕ ನಗು ತಡೆಯಲು ದಾರ ಕಚ್ಚಿಕೊಂಡು ಕಿಟಕಿಯತ್ತ ತಿರುಗುತ್ತಿದ್ದರು. ಹೆಡ್ ಕ್ಲಾರ್ಕು ಹಗುರಾಗಿ ಹೋಗುತ್ತಿದ್ದರು, ಮನಸ್ಸಿನಲ್ಲಿ.

ಇನ್ನೊಂದು ಪದ್ಧತಿ, ಕಾಲಿನ ಅಳತೆ ತೆಗೆಯುವುದು ಒಂದೇ ಕಾಲಿನದು, ಬಲಗಾಲಿನದು. ಬಟ್ಟೆಯನ್ನು ಎರಡು ಪದರ ಮಾಡಿ ಹಾಸಿ ಒಮ್ಮೆಗೇ ಕತ್ತರಿಸುವುದರಿಂದ ಎಡಗಾಲು ತಾನಾಗಿ ಬರುತ್ತದೆ. ಮೂವತ್ತೊಂದು ವರ್ಷದಲ್ಲಿ ಸಾವಿರಾರು ಬಲಗಾಲುಗಳು ಆ ಪುಸ್ತಕ ಸೇರಿದ್ದವು. ಎಡಗಾಲು ಎನ್ನುವುದೊಂದಿದೆ ಎಂಬುದಕ್ಕೆ ಅಲ್ಲಿ ಪುರಾವೆಯೇ ಇರಲಿಲ್ಲ.

ಮಾಸ್ಟರ ಸ್ವಂತ ಎಡಗಾಲಿನಲ್ಲಿ ಮೀನಖಂಡದಿಂದ ಪಾದದವರೆಗೆ ನೀಲಿ ನಾಳಗಳು ಹುರಿಹಗ್ಗದಂತೆ ಸುತ್ತಿಕೊಂಡು ಎದ್ದು ನಿಂತಿದ್ದವು. ಅವರ ತಾಯಿಗೂ ಹಾಗೇ ಇದ್ದವಂತೆ. "ಕಸೂತಿ" ಎಂದು ಅವರೇ ತಮಾಷೆ ಮಾಡುತ್ತಿದ್ದರು. ಆ ವರ್ಷ ಒಂದು ಶಾಲೆಯ ಸಮವಸ್ತ್ರದ ಕೆಲಸ ಬಂತು. ಬೆಳಗಿನಿಂದ ಸಂಜೆವರೆಗೆ ನಿಂತದ್ದೇ ನಿಂತದ್ದು. ಅದರ ನಡುವೆ ಮೇಜಿನ ಕೆಳಗಿನ ಕಬ್ಬಿಣದ ಪಟ್ಟಿ ಎಡಗಾಲಿಗೆ ಬಡಿಯಿತು. ಮೂರನೆಯ ದಿನ ಆ ಜಾಗದಿಂದ ಮೇಲಕ್ಕೆ ಗೇಣುದ್ದ ಕೆಂಪು ಗೆರೆ ಎದ್ದಿತು. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಒಳಗೆ ಗಟ್ಟಿ ದಾರ. ಕಾಲರಿನ ಅಂಚಿಗೆ ದಾರ ತುಂಬಿ ಪೈಪಿಂಗ್ ಕೊಡುತ್ತಾರಲ್ಲ, ಚರ್ಮದ ಕೆಳಗೆ ಯಾರೋ ಹಾಗೇ ಹೊಲಿದಿಟ್ಟಂತಿತ್ತು.

ಮಾಸ್ಟರು ಎದುರಿನ ಔಷಧಿ ಅಂಗಡಿಗೆ ಹೋಗಿ ಪ್ಯಾಂಟು ಮಡಚಿ ತೋರಿಸಿದರು.

"ನರ ಎದ್ದಿದೆ ತಮ್ಮಾ. ಒಂದು ಮುಲಾಮು ಕೊಡು."

ಔಷಧಿಯವನು ಕನ್ನಡಕ ಏರಿಸಿ ನೋಡಿದ. "ಇದು ನರ ಅಲ್ಲ ಮಾಸ್ಟ್ರೇ, ರಕ್ತನಾಳ. ಕಾಲಿಂದ ರಕ್ತಾನ ವಾಪಸ್ ಮೇಲಕ್ಕೆ ಒಯ್ಯೋದು. ಅದಕ್ಕೆ ಉರಿಯೂತ ಆಗಿದೆ. ಒಳಗೆ ರಕ್ತ ಹೆಪ್ಪುಗಟ್ಟಿರತ್ತೆ, ಅದಕ್ಕೇ ಗಟ್ಟಿ."

"ಹೆಪ್ಪಾ? ನಮ್ಮನೇಲಿ ಹಾಲೇ ಸರಿಯಾಗಿ ಹೆಪ್ಪಾಗಲ್ಲ!"

"ನಗ್ಬೇಡಿ. ಚರ್ಮದ ಹತ್ರದ ನಾಳದಲ್ಲಿದ್ರೆ ಶಾಖ ಕೊಟ್ಟು, ಮುಲಾಮು ಹಚ್ಚಿ, ಓಡಾಡ್ಕೊಂಡಿದ್ರೆ ಕೆಲವು ವಾರದಲ್ಲಿ ಇಳಿಯತ್ತೆ. ಆದ್ರೂ ಒಂದ್ಸಲ ಡಾಕ್ಟರಿಗೆ ತೋರಿಸಿ. ಕಾಲು ಊದಿದ್ರೆ ಮಾತ್ರ ಒಂದು ದಿನಾನೂ ಕಾಯ್ಬೇಡಿ. ಹೆಪ್ಪು ಒಳಗಿನ ದೊಡ್ಡ ನಾಳಕ್ಕೆ ಹೋಗಿರಬಹುದು. ಅಲ್ಲಿಂದ ಒಂದು ಚೂರು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಮುಗೀತು."

"ಊದಿದ್ರೆ ನನಗೆ ಗೊತ್ತಾಗಲ್ವಾ ತಮ್ಮಾ? ಮೂವತ್ತು ವರ್ಷದಿಂದ ಜನ ಊದೋದನ್ನೇ ನೋಡ್ತಿದೀನಿ."

ಡಾಕ್ಟರ ಹತ್ತಿರ ಹೋಗಲಿಲ್ಲ. ಡಾಕ್ಟರು ಏನು ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು: ಕೂತು ಕೆಲಸ ಮಾಡಿ ಎನ್ನುತ್ತಾರೆ. ಕಣ್ಣ ಮುಂದೆ ದಿಂಬಿನ ಗವಸುಗಳು ಸಾಲುಗಟ್ಟಿ ನಿಂತವು. ಮುಲಾಮಿನ ಟ್ಯೂಬನ್ನು ಸೀಮೆಸುಣ್ಣದ ಡಬ್ಬಿಯೊಳಗಿಟ್ಟು, ಹೆಂಡತಿಗೂ ಹೇಳದೆ ಮೇಜಿಗೆ ಮರಳಿದರು.

ಮುಂದಿನದನ್ನು ದರ್ಜಿಯಲ್ಲದೆ ಬೇರೆ ಯಾರೂ ಮಾಡಲಾರರು. ನಾವಾಗಿದ್ದರೆ ಪ್ಯಾಂಟು ಬಿಗಿಯಾದ ದಿನ ಕಾಲು ನೋಡಿಕೊಳ್ಳುತ್ತಿದ್ದೆವು. ಮಾಸ್ಟರು ಪ್ಯಾಂಟು ನೋಡಿದರು. ಅಂಗಡಿಯ ಬೋರ್ಡಿಗಿಂತ ತಾವು ತೊಟ್ಟದ್ದೇ ದೊಡ್ಡ ಬೋರ್ಡು ಎಂದು ನಂಬಿದ್ದ ಅವರು ಮೈಗೆ ಅಂಟುವಂತೆ ಹೊಲಿದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಬೂದು ಪ್ಯಾಂಟಿನ ಎಡಗಾಲು ಮೀನಖಂಡದ ಬಳಿ ಹಿಡಿಯಿತು. ಸಾವಿರ ಸಲ ಇತರರಿಗೆ ಹೇಳಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು: ಬಟ್ಟೆ ಕುಗ್ಗಿದೆ. ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಅರ್ಧಿಂಚಿನಲ್ಲಿ ಅರ್ಧದಷ್ಟು ಸಡಿಲಿಸಿ ಹೊಲಿದುಕೊಂಡರು. ಹಿತವಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಹಿಡಿಯಿತು. ಉಳಿದದ್ದನ್ನೂ ಬಿಚ್ಚಿದರು. ಒಂಬತ್ತನೆಯ ದಿನ ಬಿಚ್ಚಲು ಬಟ್ಟೆಯೇ ಇರಲಿಲ್ಲ. ಅದೇ ಬಣ್ಣದ ಒಂದು ಪಟ್ಟಿಯನ್ನು ಒಳಭಾಗಕ್ಕೆ ಜೋಡಿಸಿದರು. ಕಾಲು ಊದುತ್ತದೆಯೋ ಎಂದು ಕಾಯುತ್ತಿದ್ದವರು ಊದುವ ಕಾಲಿಗೆ ತಮ್ಮ ಕೈಯಾರೆ ಜಾಗ ಮಾಡಿಕೊಡುತ್ತಲೇ ಇದ್ದರು. ಮೋಸವೇನೂ ಇರಲಿಲ್ಲ. ಪರರಿಗೆ ತೋರಿಸಿದ ಸೌಜನ್ಯವನ್ನು ತಮಗೂ ತೋರಿಸಿಕೊಂಡರು, ಅಷ್ಟೆ.

ಆ ಸಂಜೆ ಕಾಜಾ ಅಕ್ಕ ಬೂದು ಪ್ಯಾಂಟನ್ನು ಇಸ್ತ್ರಿ ಮಾಡಲು ಮಡಿಸಿದರು. ಕಾಲಿನ ಮೇಲೆ ಕಾಲು, ಹೊಲಿಗೆಯ ಮೇಲೆ ಹೊಲಿಗೆ ಕೂರಬೇಕು. ಕೂರಲಿಲ್ಲ. ಕೊಡವಿ ಮತ್ತೆ ಮಡಿಸಿದರು. ಎಡಗಾಲು ಎರಡು ಬೆರಳು ಹೊರಗೆ ಚಾಚಿತ್ತು. ಒಳಗು ಹೊರಗು ಮಾಡಿ ನೋಡಿದಾಗ ಪಟ್ಟಿ ಕಂಡಿತು.

"ರೀ, ಇಲ್ಲಿ ಬನ್ನಿ. ಇದೇನು ಇದು?"

"ಏನು? ಸ್ವಲ್ಪ ಬಿಗಿ ಆಗಿತ್ತು, ಸಡಿಲ ಮಾಡ್ಕೊಂಡೆ."

"ಒಂದೇ ಕಾಲಾ?"

"ಬಟ್ಟೆ ಕುಗ್ಗಿದೆ ಕಣೇ."

"ಒಂದೇ ಬಟ್ಟೇಲಿ ಕತ್ತರಿಸಿದ್ದು, ಒಂದೇ ಬಕೆಟ್‌ನಲ್ಲಿ ನೆನೆಸಿದ್ದು. ಎಡಗಾಲು ಕುಗ್ಗಿ ಬಲಗಾಲು ಸುಮ್ನಿರತ್ತಾ? ನನಗೇ ಕಥೆ ಹೇಳ್ತೀರಾ? ನಾನೇನು ಹೆಡ್ ಕ್ಲಾರ್ಕಾ?"

ಯಂತ್ರದ ಮೇಲಿದ್ದ ಇಬ್ಬರೂ ಪೆಡಲು ನಿಲ್ಲಿಸಿದರು. ಕಾಜಾ ಅಕ್ಕ ಮಾಸ್ಟರ ಕೊರಳಿನಿಂದಲೇ ಟೇಪು ಎಳೆದುಕೊಂಡರು. ಮೂವತ್ತೊಂದು ವರ್ಷದಲ್ಲಿ ಆ ಟೇಪು ಬೇರೆಯವರ ಕೈಗೆ ಹೋದದ್ದು ಅದೇ ಮೊದಲು.

"ನಿಲ್ಲಿ. ಪ್ಯಾಂಟು ಮೇಲೆತ್ತಿ. ಬಲ ಹದಿನಾಲ್ಕೂವರೆ." ಇನ್ನೊಂದು ಕಾಲಿಗೆ ಸುತ್ತಿದರು. ಬಿಚ್ಚಿ ಮತ್ತೊಮ್ಮೆ ಸುತ್ತಿದರು. "ಎಡ ಹದಿನಾರು."

"ಹಳೇ ಟೇಪು. ಹಿಗ್ಗಿರತ್ತೆ."

"ಬಟ್ಟೆ ಕುಗ್ಗಿತು, ಟೇಪು ಹಿಗ್ಗಿತು. ನಿಮ್ಮ ಕಾಲೊಂದೇ ಸಾಚಾ?" ಎನ್ನುತ್ತಲೇ ಮೀನಖಂಡವನ್ನು ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಅಕ್ಕನ ದನಿಯಿಂದ ತಮಾಷೆ ಇಳಿದುಹೋಯಿತು. "ಎಷ್ಟು ದಿನದಿಂದ?"

ಮಾಸ್ಟರು ಲೆಕ್ಕ ಹಾಕುವವರಂತೆ ಸೂರು ನೋಡಿದರು. "ಸ್ವಲ್ಪ ಎಣ್ಣೆ ಹಚ್ಚಿ ತಿಕ್ಕಿಬಿಡು. ಇಳಿದುಹೋಗತ್ತೆ."

ಆಕೆ ಎಣ್ಣೆ ಸೀಸೆ ಹುಡುಕುವ ಬದಲು ಬಾಗಿಲಿಗೆ ಹೋಗಿ ಔಷಧಿಯವನನ್ನು ಕೂಗಿದರು. ಅವನು ಅಂಗಡಿಯಲ್ಲಿದ್ದ ಗಿರಾಕಿಯನ್ನು ಬಿಟ್ಟು ಓಡಿಬಂದ. ಕಾಲು ನೋಡಿದ್ದೇ ಎರಡು ಕೈಯನ್ನೂ ಅಡ್ಡ ಹಿಡಿದ. "ಅಕ್ಕಾ, ತಿಕ್ಕೋದು ಒತ್ತೋದು ಏನೂ ಬೇಡ. ಹೆಪ್ಪು ಕಿತ್ಕೊಂಡ್ರೆ ಕಷ್ಟ. ಈಗಲೇ ಹೊರಡಿ."

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಚುರುಕು. ಮೊದಲು ಎದೆನೋವು ಇದೆಯೇ, ಉಸಿರು ಕಟ್ಟುತ್ತದೆಯೇ, ಕೆಮ್ಮಿನಲ್ಲಿ ರಕ್ತ ಬಂತೇ ಎಂದು ಕೇಳಿದರು. ಮೂರಕ್ಕೂ ಇಲ್ಲ ಎಂದ ಮೇಲೆ ಅವರೂ ಒಂದು ಟೇಪು ತೆಗೆದರು. ಮಂಡಿಯಿಂದ ಕೆಳಗೆ ಎರಡು ಕಾಲಿನಲ್ಲೂ ಒಂದೇ ದೂರದಲ್ಲಿ ಪೆನ್ನಿನಿಂದ ಗುರುತು ಹಾಕಿ ಅಳೆದರು. ಅಷ್ಟು ಭಯದ ನಡುವೆಯೂ ಮಾಸ್ಟರಿಗೆ ಆಕೆ ಟೇಪು ಹಿಡಿದ ರೀತಿ ಮೆಚ್ಚಿಗೆಯಾಯಿತು: ಬಿಗಿಯೂ ಅಲ್ಲ, ಜೋತೂ ಬಿದ್ದಿರಲಿಲ್ಲ.

"ನೀವು ಎರಡು ಕಾಲನ್ನೂ ಅಳೀತೀರಾ ಡಾಕ್ಟ್ರೇ?"

"ಇನ್ನೇನು ಮತ್ತೆ? ಒಂದನ್ನೇ ಅಳೆದ್ರೆ ಏನು ಗೊತ್ತಾಗತ್ತೆ? ಮೂರು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ನಮಗೆ ಭಯ. ನಿಮ್ಮದು ಹತ್ತಿರ ಹತ್ತಿರ ನಾಲ್ಕಿದೆ."

ಆಮೇಲೆ ಪ್ರಶ್ನೆಗಳ ಸುರಿಮಳೆ. ಇತ್ತೀಚೆಗೆ ಆಪರೇಷನ್ ಆಗಿತ್ತಾ? ದಿನಗಟ್ಟಲೆ ಹಾಸಿಗೆ ಹಿಡಿದಿದ್ರಾ? ಗಂಟೆಗಟ್ಟಲೆ ಕೂತು ಪ್ರಯಾಣ? ಸಿಗರೇಟು? ಕಾರಣವಿಲ್ಲದೆ ತೂಕ ಇಳಿದಿದೆಯಾ? ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಪೆಟ್ಟು ಬಿದ್ದಿತ್ತಾ? ಮಾಸ್ಟರು ತಾಯಿಯ ಕಾಲನ್ನೂ ಕಬ್ಬಿಣದ ಪಟ್ಟಿಯನ್ನೂ ಒಪ್ಪಿಕೊಂಡರು. ದಿನಕ್ಕೆ ಎಷ್ಟು ಹೊತ್ತು ನಿಲ್ತೀರಿ ಎಂದಾಗ ಮಾತ್ರ, "ಆಗಾಗ" ಎಂದರು.

"ಹತ್ತು ಗಂಟೆ" ಎಂದರು ಕಾಜಾ ಅಕ್ಕ.

ಕಾಲಿನ ನಾಳಗಳಲ್ಲಿ ಮೇಲ್ಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳಿರುತ್ತವೆ ಎಂದು ಡಾಕ್ಟರಮ್ಮ ವಿವರಿಸಿದರು. ನಡೆದಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ದಬ್ಬುತ್ತದೆ, ಅದು ಹಿಂದೆ ಬೀಳದಂತೆ ಬಾಗಿಲುಗಳು ತಡೆಯುತ್ತವೆ. ಅಲ್ಲಾಡದೆ ನಿಂತರೆ ದಬ್ಬುವವರಿಲ್ಲ, ವರ್ಷಗಟ್ಟಲೆ ಭಾರ ಹೊತ್ತು ಬಾಗಿಲುಗಳು ಸಡಿಲವಾಗುತ್ತವೆ, ರಕ್ತ ತಂಗುತ್ತದೆ, ನಾಳ ಹಿಗ್ಗುತ್ತದೆ. ತಂಗಿದ್ದು ಹೆಪ್ಪಾಗುತ್ತದೆ. ಇಂಥ ನಾಳಕ್ಕೆ ಪುಸ್ತಕದ ಹೆಸರು ಸಿರೆ. ಸೀರೆಗೂ ಇದಕ್ಕೂ ಒಂದು ದೀರ್ಘದಷ್ಟೇ ಅಂತರವಿದ್ದರೂ ಮಾಸ್ಟರು ತಮ್ಮ ಜೀವಮಾನದಲ್ಲಿ ಎರಡನ್ನೂ ಅಳೆದವರಲ್ಲ.

ಸ್ಕ್ಯಾನಿನ ಪರದೆಯಲ್ಲಿ ನೋಡಿದಾಗ ಒಳನಾಳದ ಹೆಪ್ಪು ಮಂಡಿಯ ಹಿಂಭಾಗದವರೆಗೆ ಬೆಳೆದಿತ್ತು. ಮೇಲಿನ ನಾಳದ ಉರಿಯೂತದಲ್ಲಿ ಆರಂಭವಾದದ್ದು ಒಳಗೆ ಇಳಿದಿತ್ತು. ಆ ಹೊತ್ತಿಗೇ ಇಂಜೆಕ್ಷನ್ ಕೊಟ್ಟು ಎರಡು ದಿನ ಇರಿಸಿಕೊಂಡರು. ಅಷ್ಟರಲ್ಲಿ ಡ್ರಿಪ್ಪಿನ ಸೂಜಿ ಚುಚ್ಚಿದ್ದ ಕೈಯಲ್ಲೂ ಬೆರಳುದ್ದ ಕೆಂಪು ಗೆರೆ ಮೂಡಿತು. ದಾದಿ ಸೂಜಿ ತೆಗೆದು ಇನ್ನೊಂದು ಕೈಗೆ ಹಾಕುತ್ತ, "ಇದೂ ಅದರ ತಮ್ಮನೇ. ಸೂಜಿ ಚುಚ್ಚಿದ ಕಡೆ ನಾಳ ಮುನಿಸ್ಕೊಳ್ಳತ್ತೆ. ಸೂಜಿ ತೆಗೆದ್ರೆ ಸರಿಹೋಗತ್ತೆ" ಎಂದಳು.

"ಜೀವಮಾನವೆಲ್ಲ ಸೂಜಿ ಹಿಡಿದವನಿಗೆ ಸೂಜಿಯೇ ಆಗಿಬರಲಿಲ್ಲ ನೋಡಮ್ಮ" ಎಂದರು ಮಾಸ್ಟರು. ಅವರು ನಕ್ಕದ್ದು ಆ ಎರಡು ದಿನದಲ್ಲಿ ಅದೊಂದೇ ಸಲ. ಉಳಿದ ಹೊತ್ತೆಲ್ಲ ಒಂದೇ ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದರು. ಬಿಡುಗಡೆಯ ದಿನ ಅದು ಹೊರಬಿತ್ತು.

"ಡಾಕ್ಟ್ರೇ, ನಿಲ್ಲಬಹುದಾ?"

"ನಿಲ್ಲೋದೂ ಬೇಡ, ಕೂರೋದೂ ಬೇಡ."

ಮಾಸ್ಟರಿಗೆ ಅರ್ಥವಾಗಲಿಲ್ಲ. ಜಗತ್ತಿನಲ್ಲಿ ಎರಡೇ ಬಗೆಯ ಜನ ಎಂದು ತಿಳಿದಿದ್ದರು.

"ನಡೀರಿ" ಎಂದರು ಡಾಕ್ಟರಮ್ಮ. "ಅರ್ಧ ಗಂಟೆಗಿಂತ ಹೆಚ್ಚು ಒಂದೇ ಕಡೆ ನಿಲ್ಲಬೇಡಿ, ಒಂದೇ ಕಡೆ ಕೂರಬೇಡಿ. ಮಲಗಿದಾಗ ಕಾಲು ಎತ್ತರದಲ್ಲಿರ್ಲಿ. ರಕ್ತ ತೆಳು ಮಾಡೋ ಮಾತ್ರೆ ಕನಿಷ್ಠ ಮೂರು ತಿಂಗಳು, ನಾನು ಹೇಳೋವರೆಗೂ ಒಂದು ದಿನಾನೂ ತಪ್ಪಿಸ್ಬೇಡಿ. ಅದನ್ನ ತಗೊಳ್ಳೋವಾಗ ಗಾಯ ಆದ್ರೆ ರಕ್ತ ಬೇಗ ನಿಲ್ಲಲ್ಲ. ಕತ್ತರಿ, ಬ್ಲೇಡು ಜೋಪಾನ. ಕತ್ತರಿಸೋ ಕೆಲಸಕ್ಕೆ ಬೇರೆಯವರ ಕೈ ಇದ್ರೆ ಒಳ್ಳೇದು."

ಮನೆಗೆ ಬಂದು, ಡಾಕ್ಟರು ಬರೆದುಕೊಟ್ಟ ಬಿಗಿ ಕಾಲುಚೀಲವನ್ನು ಇಬ್ಬರೂ ಸೇರಿ ತೊಡಿಸಲು ಹೊರಟಾಗ ಮಾಸ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಪಾದದ ಹರಡಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ, ಎಲ್ಲೂ ಹೊಲಿಗೆಯಿಲ್ಲ. "ಯಾರೋ ಕಸುಬು ಗೊತ್ತಿರೋನೇ ಮಾಡಿದಾನೆ" ಎಂದರು. ಹೊಗಳಿಕೆಯ ಕೆಳಗೆ ಅಳು ಇತ್ತು.

ಆರು ವಾರ ಅಂಗಡಿಯ ಮೇಜಿನ ಮುಂದೆ ಕಾಜಾ ಅಕ್ಕ ನಿಂತರು. ಬರೆದುಕೊಂಡ ಅಳತೆಗಳೆಲ್ಲ ಅವರ ತಲೆಯಲ್ಲೇ ಇದ್ದವು, ಗಂಡನ ಕೈ ತಿರುಗುವ ರೀತಿ ಕಣ್ಣಲ್ಲಿತ್ತು. ಮೊದಲ ವಾರ ಸಮವಸ್ತ್ರದ ಚಡ್ಡಿಗಳು, ಆಮೇಲೆ ಅಂಗಿಗಳು, ಆಮೇಲೆ ಪ್ಯಾಂಟು. ಒಂದು ಅಂಗಿಯ ತೋಳು ಎರಡೂ ಬಲಗೈಗೇ ಆಯಿತು. ಸಂಜೆ ಅದನ್ನು ಮನೆಗೆ ತಂದು ಮಲಗಿದ್ದ ಗಂಡನ ಎದೆಯ ಮೇಲೆ ಹಾಸಿ, "ನಗಿ, ನಿಮಗೋಸ್ಕರ ತಂದಿದೀನಿ" ಎಂದರು. ಮಾಸ್ಟರು ನಗಲಿಲ್ಲ. ಬಟ್ಟೆ ಹೇಗೆ ಹಾಸಿದೆ, ಎಲ್ಲಿ ಮಗುಚಲಿಲ್ಲ ಎಂದು ಒಂದೊಂದಾಗಿ ಕೇಳಿದರು. ಆಕೆ ಹೇಳಿದರು. ಮಾರನೆಯ ದಿನ ಆ ತಪ್ಪು ಆಗಲಿಲ್ಲ. ತಪ್ಪಾಗದ ದಿನಗಳು ಹೆಚ್ಚಿದಂತೆ ಮಾಸ್ಟರಿಗೆ ಸಮಾಧಾನಕ್ಕಿಂತ ಕಸಿವಿಸಿ ಹೆಚ್ಚಾಯಿತು.

ಏಳನೆಯ ವಾರ ಅವರು ಅಂಗಡಿಗೆ ಬಂದರು. ಅರ್ಧ ಗಂಟೆಗೊಮ್ಮೆ ಬೀದಿಯ ತುದಿಯವರೆಗೆ ಹೋಗಿ ಬರಬೇಕೆಂಬ ಡಾಕ್ಟರ ಆಜ್ಞೆಯಂತೆ ಬರುತ್ತ ಹೋಗುತ್ತ ಇದ್ದರು. ಆ ಮಧ್ಯಾಹ್ನ ಹಳೆಯ ವಕೀಲರೊಬ್ಬರು ಕೋಟಿನ ಬಟ್ಟೆ ತಂದು ಮೇಜಿನ ಮೇಲಿಟ್ಟರು. ಕಡುನೀಲಿ ಉಣ್ಣೆ, ಮುಟ್ಟಿದರೆ ಬೆಕ್ಕಿನ ಬೆನ್ನಿನಂತೆ. ತಪ್ಪಿದರೆ ಇನ್ನೊಂದು ತುಂಡು ಸಿಗುವುದಿಲ್ಲ.

"ಮಾಸ್ಟ್ರೇ, ಇದು ನಿಮ್ಮ ಕೈಯಲ್ಲೇ ಆಗ್ಬೇಕು. ಬೇರೆಯವರಾದ್ರೆ ನಾನು ಸಾಕ್ಷಿ ಕೇಳ್ಬೇಕಾಗತ್ತೆ" ಎಂದು ವಕೀಲರು ಕಾಜಾ ಅಕ್ಕನ ಕಡೆ ನೋಡಿ ನಕ್ಕರು.

ಮಾಸ್ಟರ ಕೈ ತಾನಾಗಿ ಕತ್ತರಿಯ ಕಡೆ ಹೋಯಿತು. ಕಾಜಾ ಅಕ್ಕ ತಡೆಯಲಿಲ್ಲ. ಮೇಜಿನ ಪಕ್ಕಕ್ಕೆ ಸರಿದು ಜಾಗ ಬಿಟ್ಟರು, ಅಷ್ಟೆ. ಕೋಟು ಕತ್ತರಿಸಲು ಎರಡು ಗಂಟೆ ಅಲ್ಲಾಡದೆ ನಿಲ್ಲಬೇಕು. ಬಾಗಿದಾಗ ಕತ್ತರಿಯ ಮೊನೆ ಎಡಗೈಯ ಬೆರಳಿಗೆ ಹತ್ತಿರ ಬರುತ್ತದೆ. ಬಂದದ್ದು ಎಷ್ಟು ಸಲವೋ. ಆಗೆಲ್ಲ ಬೆರಳನ್ನು ಬಾಯಲ್ಲಿಟ್ಟುಕೊಂಡರೆ ಮುಗಿಯುತ್ತಿತ್ತು. ಮಾಸ್ಟರು ಕತ್ತರಿಯನ್ನು ಎತ್ತಿ ಅದರ ತೂಕ ನೋಡಿದರು. ಆಮೇಲೆ ಹಿಡಿಯನ್ನು ಹೆಂಡತಿಯ ಕಡೆ ತಿರುಗಿಸಿ ಚಾಚಿದರು.

"ಅಳತೆ ನಾನು ತೆಗೀತೀನಿ ಸಾರ್. ಕತ್ತರಿಸೋದು ಇವಳು."

"ಅಲ್ಲ, ಮಾಸ್ಟ್ರೇ…"

"ಬೇಡ ಅಂದ್ರೆ ಬಟ್ಟೆ ತಗೊಂಡು ಹೋಗಿ. ಬೇಜಾರಿಲ್ಲ."

ವಕೀಲರು ಬಟ್ಟೆಯನ್ನೊಮ್ಮೆ, ಗಂಡಹೆಂಡಿರನ್ನೊಮ್ಮೆ ನೋಡಿದರು. ವಾದಕ್ಕೆ ಜಾಗ ಕಾಣಲಿಲ್ಲವೇನೋ, ಕೈಗಳನ್ನು ಅಗಲಿಸಿ ಅಳತೆಗೆ ನಿಂತರು. ಎದೆ, ಭುಜ, ತೋಳು. ಮಾಸ್ಟರು ಎಡತೋಳನ್ನೂ ಅಳೆದರು. ಕಾಜಾ ಅಕ್ಕ ಬರೆದುಕೊಂಡರು.

ಗಿರಾಕಿ ಹೋದ ಮೇಲೆ ಆಕೆ ಉಣ್ಣೆಯನ್ನು ಹಾಸಿ, ಅಂಗೈಯಿಂದ ಸವರಿ, ಕಾಗದದ ಮಾದರಿಗಳನ್ನು ಜೋಡಿಸತೊಡಗಿದರು. ಬೆನ್ನಿನ ಭಾಗವನ್ನು ಮಾಸ್ಟರು ಯಾವತ್ತೂ ಇಡದ ಕಡೆ ಇಟ್ಟರು. ಮಾಸ್ಟರ ಬಾಯಿ ತೆರೆಯಿತು. ಇನ್ನೊಮ್ಮೆ ನೋಡಿದರು. ಹಾಗಿಟ್ಟರೆ ಒಂದು ಗೇಣು ಬಟ್ಟೆ ಉಳಿಯುತ್ತಿತ್ತು, ಎಳೆಯೂ ನೇರವಾಗಿತ್ತು. ಅದು ತಮಗೆ ಹೊಳೆದಿರಲಿಲ್ಲ ಎನ್ನುವುದು ಅವರಿಗೆ ಕಾಲುನೋವಿಗಿಂತ ಸ್ಪಷ್ಟವಾಗಿ ತಿಳಿಯಿತು. ಬಾಯಿ ಮುಚ್ಚಿತು.

ಆಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿ ಎತ್ತಿಕೊಂಡು, ತಲೆ ಎತ್ತದೆ ಹೇಳಿದರು:

"ರೀ, ಅರ್ಧ ಗಂಟೆ ಆಯ್ತು."

"ಗೊತ್ತು."

"ಹಾಗಾದ್ರೆ ಹೋಗಿ. ನೀವು ನೋಡ್ತಾ ಇದ್ರೆ ಕತ್ತರಿ ನೆಟ್ಟಗೆ ಓಡಲ್ಲ."

ಮಾಸ್ಟರು ಚಪ್ಪಲಿ ಮೆಟ್ಟಿ ಬೀದಿಗಿಳಿದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಉಣ್ಣೆಯೊಳಗೆ ಕತ್ತರಿ ಹೊಕ್ಕ ಮೊದಲ ಸದ್ದು ಕೇಳಿಸಿತು, ಒಂದೇ ಉಸಿರಿನ ಉದ್ದನೆಯ ಕೊಯ್ತ. ತಿರುಗಿ ನೋಡಬೇಕೆನಿಸಿತು. ನೋಡಲು ನಿಲ್ಲಬೇಕಿತ್ತು. ಅವರು ನಡೆದರು.